ಹತ್ತು ಹಳ್ಳಿಯ ಡಾಕ್ಟರು

ಸೊಲ್‌ಗೋಲ್ ಹಳ್ಳಿಗೆ ಡಾಕ್ಟರಿರಲಿಲ್ಲ. ಡಾಕ್ಟರನ್ನು ಹಂಚಿಕೊಳ್ಳೋಣ ಬನ್ನಿ ಎಂದರೆ ಬರುವ ನೆರೆಹಳ್ಳಿಯೂ ಇರಲಿಲ್ಲ.

ಆ ಸೀಮೆಗೆಲ್ಲ ಉಳಿದಿದ್ದ ಡಾಕ್ಟರು ಒಬ್ಬರೇ. ಐದು ಹಳ್ಳಿಗಳು ಒಟ್ಟಾಗಿ ಕೇಳಿದರೆ ಪ್ರತಿ ಗುರುವಾರ ಕಳಿಸುತ್ತೇವೆ ಎಂದು ಆರೋಗ್ಯ ಕಚೇರಿ ಹೇಳಿತ್ತು. ಊರ ಮುಖ್ಯಸ್ಥ ಪಿಯೊ ದಲ್‌ಸು ಸುತ್ತಲಿನ ಮುಖ್ಯಸ್ಥರನ್ನೆಲ್ಲ ಕಂಡು ಬಂದ. ಸಹಕಾರ ಬಹಳ ಒಳ್ಳೆಯದು ಎಂದು ಎಲ್ಲರೂ ಒಪ್ಪಿದರು. ಡಾಕ್ಟರು ಮಾತ್ರ ತಮ್ಮೂರಲ್ಲೇ ಕೂರಬೇಕು ಎಂದರು.

ದಲ್‌ಸುವಿನ ಸೊಂಟಕ್ಕೆ ಈ ರಾಜಕೀಯ ತಿಳಿಯುತ್ತಿರಲಿಲ್ಲ. ಚಳಿಗಾಲದಿಂದ ಅದು ಹಳೇ ಮನೆಯ ಬಾಗಿಲಿನ ಹಾಗೆ ಆಗಿತ್ತು, ಒಮ್ಮೆ ಕಚ್ಚಿಕೊಂಡರೆ ಬಿಡಿಸಲು ಇಬ್ಬರು ಬೇಕು. ಪೇಟೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡರೆ, ಅದರ ಗುಣವನ್ನೆಲ್ಲ ವಾಪಸು ಬರುವ ಬಸ್ಸು ಕುಲುಕಿ ಕುಲುಕಿ ಚೆಲ್ಲಿಬಿಡುತ್ತಿತ್ತು. ಊರಿಗೇ ಡಾಕ್ಟರು ಬರಬೇಕು, ಬೇರೆ ದಾರಿಯಿರಲಿಲ್ಲ.

ಐದು ಹಳ್ಳಿ ಒಟ್ಟಾಗಿದ್ದೇವೆ ಎಂದು ದಲ್‌ಸು ಅರ್ಜಿ ಬರೆದೇಬಿಟ್ಟ. ಕಚೇರಿಯವರು ಪರಿಶೀಲನೆಗೆ ಬರುವ ದಿನ ಬಂತು. ಬೆಳಗಾಗುತ್ತಲೇ ಊರಿನ ಧ್ವನಿವರ್ಧಕದಲ್ಲಿ ದಲ್‌ಸು ಕೂಗಿದ: "ಅಕ್ಕಂದಿರೇ, ಡಾಕ್ಟರು ಬರ್ತಿದಾರೆ. ಎಲ್ರೂ ಹಿರಿಯರ ಭವನಕ್ಕೆ ಬನ್ನಿ. ನೋವಿದ್ದೋರು ನೋವು ತಗೊಂಡ್ ಬನ್ನಿ, ಇಲ್ದೋರು ಒಂದು ಯೋಚನೆ ಮಾಡ್ಕೊಂಡ್ ಬನ್ನಿ!"

ಹನ್ನೊಂದು ಮುದುಕಿಯರು ಬಂದರು. ತುಟಿಗೆ ಬಣ್ಣ, ಕೂದಲಿಗೆ ಹೊಸ ಗುಂಗುರು, ಮೊಮ್ಮಕ್ಕಳ ಮದುವೆಗೆ ಹೊಲಿಸಿದ ರೇಷ್ಮೆ ಲಂಗ.

"ನರಳ್ಕೊಂಡ್ ಬನ್ನಿ ಅಂದ್ರೆ ದಿಬ್ಬಣ ಬಂದಂಗೆ ಬಂದಿದೀರಲ್ಲ!" ಎಂದು ದಲ್‌ಸು ಹಣೆ ಚಚ್ಚಿಕೊಂಡ.

"ಲೋ ದಲ್‌ಸು, ಡಾಕ್ಟರ್ ಮುಂದೆ ತಲೆ ಕೆದರ್ಕೊಂಡು ಕೂರಕ್ಕಾಗತ್ತೇನೋ?" ಎಂದಳು ಹನ್‌ಬವಿಯಕ್ಕ. ಅರವತ್ತೆರಡರ ದಲ್‌ಸು ಆ ಊರಿನ ಹುಡುಗ. ಅವನನ್ನು ಬೈಯುವ ಹಕ್ಕು ಎಲ್ಲರಿಗೂ ಇತ್ತು. "ಬೇರೆ ಹಳ್ಳಿಯೋರೆಲ್ಲಿ ಅಂತ ಕೇಳಿದ್ರೆ ಏನ್ ಮಾಡ್ತೀಯ?"

"ಗದ್ದೇಲಿದಾರೆ, ಬರ್ತಾರೆ ಅಂತೀನಿ. ನೀವು ಬಾಯಿ ಬಿಡ್ಬೇಡಿ."

ಕಾರು ಬಂತು. ಇಳಿದವರು ಇಬ್ಬರು: ಎಳೆಯ ಡಾಕ್ಟರು ಗು, ಮತ್ತು ಸಿಯೋಲ್‌ನಲ್ಲಿ ಹುಟ್ಟಿ ಬೆಳೆದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಧಿಕಾರಿ ಚೆ ಮಿರಿನ್. ಆಕೆ ಹೆಸರು ಕೂಗಲು ಶುರುಮಾಡಿದಳು.

"ತಕ್ ಗುಮ್‌ನಿ ಅವ್ರೇ?"

ಯಾರೂ ಏಳಲಿಲ್ಲ.

"ಯಾರೇ ಅದು?" ಹನ್‌ಬವಿಯಕ್ಕ ಪಕ್ಕದವಳನ್ನು ತಿವಿದಳು.

"ಸತ್ತೋದ್ಳು ಅನ್ಸತ್ತೆ."

"ಅಯ್ಯೋ ಪಾಪ." ಹನ್‌ಬವಿಯಕ್ಕ ಲೊಚಗುಟ್ಟಿದಳು. ಒಂದು ಗಳಿಗೆ ಬಿಟ್ಟು ಚೇಳು ಕುಟುಕಿದಂತೆ ಎದ್ದು ನಿಂತಳು. "ಥೂ! ನಾನೇ ಅಲ್ವೇನೇ ಅದು!"

ಸೊಸೆಯಾಗಿ ಬಂದವಳನ್ನು ತವರೂರ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ. ಬಂದ ವರ್ಷ ಹತ್ತಿಕೊಂಡ ಹೆಸರು ಸಾಯುವತನಕ ಬಿಡುವುದಿಲ್ಲ. ಅಪ್ಪ ಅಮ್ಮ ಇಟ್ಟದ್ದು ಗುರುತಿನ ಚೀಟಿಯೊಳಗೆ ಮಲಗಿರುತ್ತದೆ. ಮಿರಿನ್‌ಗೆ ಇದನ್ನು ಯಾರೂ ಹೇಳಿರಲಿಲ್ಲ.

"ಹೆಸರು ಬಿಡಿ ಅಜ್ಜಿ," ಎಂದಳು ಸೋತು. "ಯಾವೂರೋರು ಅಂತ ಹೇಳಿ, ಸಾಕು."

"ಹನ್‌ಬವಿ."

"ಗಮ್‌ತೊ."

"ಸೆಜೆ," ಎಂದಳು ಮೂರನೆಯವಳು, ಎದೆಯುಬ್ಬಿಸಿ.

ದಲ್‌ಸು ಬಾಯಿ ತೆರೆದ. ತೆರೆದದ್ದನ್ನು ಹಾಗೇ ಮುಚ್ಚಿದ.

"ಯೊನ್‌ಮೊತ್."

ಡಾಕ್ಟರು ತಲೆಯೆತ್ತಿದರು. "ಅದು ಅಣೆಕಟ್ಟೆ ನೀರಲ್ಲಿ ಮುಳುಗಿ ಹೋಗಿಲ್ವಾ?"

"ಅದಕ್ಕೇ ನೋಡಪ್ಪಾ, ಮಂಡೀಲಿ ಇನ್ನೂ ನೀರು ನಿಂತಿದೆ," ಎಂದಳು ಮುದುಕಿ ರೇಷ್ಮೆ ಮೇಲೆತ್ತಿ.

ಮಿರಿನ್ ಕಣ್ಣರಳಿಸಿದಳು. "ಮುಳುಗಿದ್ದು ಬಿಟ್ರೂ ಹತ್ತು ಹಳ್ಳಿ! ನಾವು ಕೇಳಿದ್ದು ಐದು! ಮುಖ್ಯಸ್ಥರೇ, ಇವ್ರನ್ನೆಲ್ಲ ಹೇಗೆ ಕರ್ಕೊಂಡ್ ಬಂದ್ರಿ?"

ಕಿಟಕಿಯಾಚೆ ದಲ್‌ಸುವಿನ ಪವರ್ ಟಿಲ್ಲರು ನಿಂತಿತ್ತು. "ಅದ್ರಲ್ಲೇ," ಎಂದ.

ಡಾಕ್ಟರು ಹನ್ನೊಂದೂ ಜನರನ್ನು ನೋಡಿ ಮುಗಿಸಿದರು. ದಲ್‌ಸು ಸೊಂಟ ಹಿಡಿದುಕೊಂಡು ಕುರ್ಚಿಯ ಹತ್ತಿರ ಬಂದ.

"ನೀವು ಆಮೇಲೆ," ಎಂದಳು ಮಿರಿನ್. "ಮೊದಲು ಇವ್ರನ್ನ ಅವರವರ ಊರಿಗೆ ಬಿಟ್ಬಿಡಿ. ನಾವೂ ಕಾರಲ್ಲಿ ಹಿಂದೆ ಬರ್ತೀವಿ. ಆ ಮುಖ್ಯಸ್ಥರ ಮಾತೂ ಕೇಳ್ಬೇಕಲ್ಲ."

ದಲ್‌ಸುವಿನ ಮುಖ ನೆನೆಸಿಟ್ಟ ಅಕ್ಕಿಯ ಹಾಗೆ ಬೆಳ್ಳಗಾಯಿತು. ಮುದುಕಿಯರ ಮುಖ ಮಾತ್ರ ಬೆಳಗಿತು. ತವರು! ಮಂಡಿಯ ನೀರು, ಕೀಲಿನ ನೋವು ಎಲ್ಲ ಮರೆತು ಟಿಲ್ಲರಿನ ಹಿಂದೆ ಕಟ್ಟಿದ ತೊಟ್ಟಿ ಹತ್ತಿದರು. ಬಣ್ಣದ ರೇಷ್ಮೆಯ ಮೆರವಣಿಗೆ ಚಪ್ಪಾಳೆ ತಟ್ಟಿ ಹಾಡುತ್ತ ಹೊರಟಿತು. ಪ್ರತಿ ಹಳ್ಳವೂ ದಲ್‌ಸುವಿನ ಸೊಂಟವನ್ನು ಹೆಸರಿಟ್ಟು ಮಾತಾಡಿಸಿತು.

ಹನ್‌ಬವಿಯ ಮುಖ್ಯಸ್ಥ ಸೊಂಟದ ಮೇಲೆ ಕೈಯಿಟ್ಟು ರಸ್ತೆಗೆ ಬಂದ. "ಏನಯ್ಯಾ ದಲ್‌ಸು, ನಾನು ಅವತ್ತೇ ಹೇಳಿದ್ನಲ್ಲ..."

"ಏನ್ ಹೇಳಿದ್ದೋ?" ತೊಟ್ಟಿಯೊಳಗಿಂದ ಹನ್‌ಬವಿಯಕ್ಕ ಎದ್ದಳು.

ಮುಖ್ಯಸ್ಥನ ಕೈ ಸೊಂಟದಿಂದ ಜಾರಿತು. "ಸೋದರತ್ತೇ! ನೀವಾ?"

"ನಿನ್ನ ಕುಂಡೆ ತೊಳೆದೋಳು ಕಣೋ ನಾನು. ಡಾಕ್ಟರನ್ನ ನಮ್ ಜೊತೆ ಹಂಚ್ಕೋತೀಯೋ, ಇಲ್ಲ ನಾನು ಇಲ್ಲೇ ನಿನ್ನ ಮನೇಲೇ ಬಿದ್ದಿರ್ಲೋ?"

"ಸೇರಿದೀವಿ ಮೇಡಂ," ಮುಖ್ಯಸ್ಥ ಕಾರಿನತ್ತ ಬಗ್ಗಿ ನಮಸ್ಕರಿಸಿದ. "ನಾವೇ ಮೊದಲು ಸೇರಿದ್ದು!"

ಮುಂದಿನ ಊರಲ್ಲಿ ಮುಖ್ಯಸ್ಥನ ಅಕ್ಕ ಎದ್ದಳು, ಅದರಾಚೆಯದರಲ್ಲಿ ಚಿಕ್ಕಜ್ಜಿ. ತವರಿನ ಹೆಣ್ಣುಮಗಳ ಎದುರು ಒಬ್ಬ ಗಂಡಸೂ ನಿಲ್ಲಲಿಲ್ಲ. ಇಳಿಯಬೇಕಾದ ಮುದುಕಿಯರು ಮಾತ್ರ, ಉಳಿದ ಊರನ್ನೂ ನೋಡಿ ಬರ್ತೀವಿ ಎಂದು ತೊಟ್ಟಿಯಲ್ಲೇ ಕೂತರು. ಸಂಜೆಗೆ ಹತ್ತೂ ಹಳ್ಳಿ ಬಿದ್ದವು. ಮಿರಿನ್ ಅಲ್ಲೇ ಫೋನಿನಲ್ಲಿ ಮಂಜೂರಾತಿ ತರಿಸಿದಳು: ಪ್ರತಿ ಗುರುವಾರ, ಸೊಲ್‌ಗೋಲ್‌ನಲ್ಲೇ. ಹತ್ತು ಊರು ಚಪ್ಪಾಳೆ ತಟ್ಟಿದವು. ಮುದುಕಿಯರು ದಲ್‌ಸುವನ್ನು ತಬ್ಬಿಕೊಂಡು, "ಗಂಡಸು ಅಂದ್ರೆ ನೀನು ಕಣೋ!" ಎಂದರು.

ಹತ್ತು ಮುಖ್ಯಸ್ಥರೂ ಇಟ್ಟದ್ದು ಒಂದೇ ಷರತ್ತು. ಇವತ್ತು ಮನೆಬಾಗಿಲಿಗೆ ಬಂದ ಟಿಲ್ಲರು ಪ್ರತಿ ಗುರುವಾರವೂ ಬರಬೇಕು, ರೋಗಿಗಳನ್ನು ಕರೆದೊಯ್ಯಬೇಕು, ತಂದು ಬಿಡಬೇಕು.

"ಅದೇನು, ಬಂದೇ ಬರತ್ತೆ," ಎಂದು ಮಿರಿನ್ ದಲ್‌ಸುವಿನ ಪರವಾಗಿ ಮಾತು ಕೊಟ್ಟಳು.

ದಲ್‌ಸು ಸೀಟಿನಿಂದ ಇಳಿಯಲು ಹೋದ. ಆಗಲಿಲ್ಲ. ಡಾಕ್ಟರು ಕಾರಿನ ಗಾಜಿಳಿಸಿ ಅಲ್ಲಿಂದಲೇ ನೋಡಿದರು.

"ಸೊಂಟವಾ? ಔಷಧಿ ಬೇಡ. ಈ ಗಾಡಿ ಓಡಿಸೋದೊಂದು ಬಿಟ್ಬಿಡಿ, ತಾನಾಗೇ ಹೋಗತ್ತೆ," ಎಂದರು. ಕಾರು ಹೊರಟಿತು.

ಗುರುವಾರದ ಕೊನೆಯ ರೋಗಿಯನ್ನು ದಲ್‌ಸು ಮನೆಗೆ ಬಿಟ್ಟು ಬರುವಷ್ಟರಲ್ಲಿ ಡಾಕ್ಟರು ಯಾವಾಗಲೂ ಹೋಗಿರುತ್ತಾರೆ. ಹತ್ತು ಹಳ್ಳಿ ಮತ್ತು ಸೊಲ್‌ಗೋಲ್ ಸೇರಿ ಡಾಕ್ಟರನ್ನು ಗಳಿಸಿದವು. ದಲ್‌ಸು ಕಳೆದುಕೊಂಡದ್ದು ಇಷ್ಟು: ವಾರಕ್ಕೆ ಒಂದು ದಿನ, ಟಿಲ್ಲರಿನ ಎರಡು ಟೈರು, ಒಂದು ಸೊಂಟ.