ವಿಸ್ಟೀರಿಯಾಕ್ಕೆ ನಾಲ್ಕಿಂಚು ಹೆಚ್ಚು

ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನಗೆ ಬರುವುದಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ಪೆನ್ನು ಹಿಡಿದು ಕುಳಿತಿದ್ದೇನೆಂದರೆ ನೀವೇ ಅಂದಾಜು ಮಾಡಿ. ನಮ್ಮ ಕಾಟಿಪಳ್ಳದ ಟೆರೇಸಿನಲ್ಲಿ ವಿಸ್ಟೀರಿಯಾ ಹೂ ಬಿಟ್ಟಿದೆ! ಕುಂಡದ ಪುಟ್ಟ ಗಿಡದಿಂದ ದ್ರಾಕ್ಷಿ ಗೊಂಚಲಿನ ಹಾಗೆ ಇಳಿಬಿದ್ದಿದೆ, ತಿಳಿ ನೇರಳೆ ಬಣ್ಣ. ಈ ಬಣ್ಣದ ರವಿಕೆಗೆ ಮ್ಯಾಚಿಂಗ್ ನೂಲು ಹುಡುಕಿಕೊಂಡು ನಾನು ಒಮ್ಮೆ ಬಂದರಿನ ಅಂಗಡಿಗಳವರೆಗೆ ಹೋದದ್ದುಂಟು, ಸಿಕ್ಕಿರಲಿಲ್ಲ.

ಗಿಡ ತಂದವಳು ಮೊಮ್ಮಗಳು ಅಂಕಿತಾ, ಈಗ ಏಳನೇ ಕ್ಲಾಸು. ಎರಡು ವರ್ಷದ ಹಿಂದೆ ಊಟಿಗೆ ಟೂರ್ ಹೋದವಳು ಚಾಕಲೇಟು ಬಿಟ್ಟು ಇದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಬಳ್ಳಿಯನ್ನು ಕತ್ತರಿಸಿ ಕತ್ತರಿಸಿ ಕುಂಡದಲ್ಲೇ ಮುದಿ ಮರದ ಹಾಗೆ ಮಾಡಬೇಕಂತೆ, ಅದು ಬೋನ್ಸಾಯ್ ಅಂತೆ. "ಕತ್ತರಿ ಕೆಲಸ ಅಜ್ಜನಿಗೆ" ಎಂದಳು. ನಲವತ್ತು ವರ್ಷ ಸುರತ್ಕಲ್ಲಿನಲ್ಲಿ ಟೈಲರ್ ಆಗಿದ್ದವನು ನಾನು, ಎದೆ ಉಬ್ಬಿತು.

ಆದರೆ ನನ್ನ ಕೈಗೊಂದು ರೋಗ ಉಂಟು. ಯೂನಿಫಾರ್ಮ್ ಹೊಲಿಯುವಾಗ, ಮಗು ಬೆಳೆಯುತ್ತದಲ್ಲ ಎಂದು ಒಳಗೆ ನಾಲ್ಕಿಂಚು ಮಡಚಿ ಬಿಡುವುದು ನನ್ನ ಕ್ರಮ. ಮಗನ ಮದುವೆಯ ಪ್ಯಾಂಟಿಗೂ ಬಿಟ್ಟಿದ್ದೆ. ಆಗ ಅವನಿಗೆ ಇಪ್ಪತ್ತೆಂಟು. ಇನ್ನೂ ಎತ್ತರವಾಗುವ ಆಸೆ ಅವನಿಗೇ ಇರಲಿಲ್ಲ. ಬಳ್ಳಿಗೂ ಹಾಗೆಯೇ ಮಾಡಿದೆ. "ಕೊಂಬೆಗೆ ಎರಡೇ ಗೆಣ್ಣು ಬಿಡಿ ಅಜ್ಜ, ಇಲ್ಲದಿದ್ರೆ ಹೂ ಬರುದಿಲ್ಲ" ಎಂದು ಅಂಕಿತಾ ಹೇಳುವುದು, ನಾನು ಟೇಪು ಹಿಡಿದು ನಾಲ್ಕಿಂಚು ಹೆಚ್ಚು ಬಿಡುವುದು. ಒಂದೂವರೆ ವರ್ಷ ಇದೇ ನಡೆಯಿತು. ಬಳ್ಳಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು ಹೋಗಿ ಸೊಸೆ ಶಶಿಕಲಾಳ ನೈಟಿಯ ತೋಳಿನೊಳಗೆ ಹೊಕ್ಕಿತು.

"ಎಂತ ಮಾವ ಇದು? ಬೋನ್ಸಾಯಾ, ಬಸಳೆ ಚಪ್ಪರವಾ? ಈ ಸಲ ಹೂ ಬಿಡದಿದ್ರೆ ಯಾರಿಗಾದ್ರೂ ಕೊಟ್ಟುಬಿಡ್ತೇನೆ" ಎಂದಳು ಸೊಸೆ. ಅಂಕಿತಾ ಆ ದಿನ ಊಟ ಮಾಡಲಿಲ್ಲ. ಮರುದಿನ ನಾನು ಗಂಜಿ ಉಂಡು ಮಲಗಿದ್ದಾಗ ನನ್ನದೇ ಕತ್ತರಿ ಕೊಂಡುಹೋಗಿ ಎಲ್ಲ ಕೊಂಬೆಗಳನ್ನೂ ಎರಡೆರಡು ಗೆಣ್ಣಿಗೆ ಇಳಿಸಿಬಿಟ್ಟಳು. ಎದ್ದು ನೋಡಿ ನಾನು ಬೊಬ್ಬೆ ಹೊಡೆದೆ.

"ಅಯ್ಯೋ ಮಾರಾಯ್ತಿ, ಗಿಡ್ಡ ಆದ್ರೆ ಜೋಡಿಸ್ಲಿಕ್ಕೆ ಪೀಸು ಎಲ್ಲಿಂದ ತರುದು?"

"ಅಜ್ಜ, ಅದು ಗಿಡ. ಅದೇ ಹೊಲ್ಕೊಳ್ತದೆ."

ತಿಂಗಳುಗಟ್ಟಲೆ ನಾನು ಆ ಬೋಳು ಗಿಡದ ಮುಖ ನೋಡಲಿಲ್ಲ. ಮೊನ್ನೆ ಬೆಳಿಗ್ಗೆ ಹಪ್ಪಳ ಒಣಗಿಸಲು ಹೋದವನು ನೋಡುತ್ತೇನೆ, ಮೊಂಡು ಕೊಂಬೆಯಿಂದ ಒಂದು ಗೊಂಚಲು! ಎಪ್ಪತ್ತೊಂದು ವರ್ಷದ ಮೊಣಕಾಲಿನಲ್ಲಿ ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಮೀನಿನವನನ್ನು, ಗ್ಯಾಸಿನವನನ್ನು, ಪಕ್ಕದ ಮನೆಯ ಫ್ಲೇವಿಯಾ ಟೀಚರನ್ನು, ಎಲ್ಲರನ್ನೂ ಮೇಲೆ ಹತ್ತಿಸಿದೆ. ಅಂಕಿತಾ ಶಾಲೆಗೆ ತಡವಾದರೂ ಗಿಡದ ಮುಂದಿನಿಂದ ಏಳಲಿಲ್ಲ. ಶಶಿಕಲಾ ಬಂದು ನೋಡಿದಳು. ಮತ್ತೆ ತನ್ನ ಹಗ್ಗವನ್ನು ಬಿಚ್ಚಿ ಆಚೆ ಬದಿಗೆ ಕಟ್ಟಿಕೊಂಡಳು.

ಈಗ ನೋಡಲು ಬಂದವರೆಲ್ಲ, "ಎಷ್ಟು ಚಂದ ಕತ್ತರಿಸಿದ್ದು ಮಾರ್ರೆ! ಯಾರು?" ಎಂದು ಕೇಳುತ್ತಾರೆ. ಅಂಕಿತಾ ಶಾಲೆಗೆ ಹೋಗಿದ್ದರೆ ನಾನು ಕತ್ತರಿಯನ್ನು ಎತ್ತಿ ಹಿಡಿದು, "ಇದರಲ್ಲೇ" ಎನ್ನುತ್ತೇನೆ. ನೀವೇ ಹೇಳಿ, ಅದರಲ್ಲಿ ಸುಳ್ಳು ಎಂತ ಉಂಟು?