ಎಮ್ಮೆ ಕಟ್ಟುವ ಜಾಗದಲ್ಲಿ ಹೂಕುಂಡ

ಕುಂಡದ ವ್ಯಾಪಾರದಲ್ಲಿ ಗಿಡ ಚಿಗುರುವುದಕ್ಕಿಂತ ಮೊದಲು ನಗೆ ಚಿಗುರುತ್ತದೆ. ಇದು ನನ್ನ ಅನುಭವದ ಮಾತು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮದೊಂದು ನರ್ಸರಿ ಇದೆ. ಅದರ ಯಜಮಾನಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವ, ಮನೆಗೆ ಬಂದರೆ ಉಂಡು ಮಲಗುತ್ತಾನೆ. ನಾನು ಟೆಂಪೋ ಓಡಿಸುತ್ತೇನೆ. ಸಗಟು ಮಾಲು ಆರಿಸಲು ವೈನಿ ಹೊರಟರೆಂದರೆ ನಾನು ಹೋಗಲೇಬೇಕು, ಅಲ್ಲಿ ಏನಾದರೊಂದು ಆಗಲೇಬೇಕು.

ನರ್ಸರಿ ಶುರುವಾದದ್ದು ಅಣೆಕಟ್ಟಿನ ಹಿನ್ನೀರು ಏರಿದ ಕಾಲಕ್ಕೆ. ಬೀಳಗಿ ಕಡೆಯ ಎಷ್ಟೋ ಹಳ್ಳಿಗಳು ಎದ್ದು ಹೊಸ ಜಾಗಕ್ಕೆ ಬಂದಿದ್ದವು. ಪುನರ್ವಸತಿ ಕೇಂದ್ರಗಳ ತುಂಬ ಹೊಸ ಮನೆ, ಆದರೆ ಒಂದು ಗಿಡದ ನೆರಳಿಲ್ಲ. ಈ ಜನಕ್ಕೆಲ್ಲ ಗಿಡ ಬೇಕಾಗುತ್ತದೆ, ಗಿಡಕ್ಕೆ ಕುಂಡ ಬೇಕಾಗುತ್ತದೆ ಎಂದು ನಮ್ಮ ಮನೆಯಲ್ಲಿ ಮೊದಲು ಹೊಳೆದದ್ದು ವೈನಿಗೆ. ಜಾಗ ಮಾತ್ರ ಅಪ್ಪನದು. ರಸ್ತೆಗೆ ಹತ್ತಿದ ಆ ಜಾಗದಲ್ಲಿ ಅಪ್ಪ ಎಮ್ಮೆ ಕಟ್ಟುತ್ತಿದ್ದ. ಸೊಸೆ ಕೇಳಿದಳೆಂದು ಬಿಟ್ಟುಕೊಟ್ಟ, ಆದರೆ ಒಂದು ಮಾತು ಹಾಕಿಯೇ ಕೊಟ್ಟ.

"ಯುಗಾದಿ ತನಕ ಸುಮ್ಮಿರತೀನವಾ. ಅಷ್ಟರಾಗ ಮಂದಿ ಬರಲಿಲ್ಲಂದ್ರ ನನ್ನ ಎಮ್ಮಿ ಬರತಾವ."

ವೈನಿ ಹೂಂ ಅಂದರು. ಎಮ್ಮೆಗಳು ಹಿತ್ತಲಿಗೆ ಹೋದವು. ಹಿತ್ತಲು ಇಕ್ಕಟ್ಟು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೇ ಬಚ್ಚಲಿಗೆ ಹೋಗಲಿ, ಎಮ್ಮೆಗಳ ಒಪ್ಪಿಗೆ ಪಡೆದೇ ಹೋಗಬೇಕಾಯಿತು.

ಬೋರಲು ಪರೀಕ್ಷೆ

ಮೊದಲ ಸಲ ಮಾಲು ತರಲು ಮೀರಜ್ ಕಡೆಯ ಒಂದು ಗೋದಾಮಿಗೆ ಹೋದೆವು. ಪ್ಲಾಸ್ಟಿಕ್ ಕುಂಡಗಳು ಒಂದರೊಳಗೊಂದು ಕೂತು ಮಾಳಿಗೆ ಮುಟ್ಟಿದ್ದವು. ವ್ಯಾಪಾರಿ ಚಹಾ ತರಿಸಿ, ಇದು ಒಡೆಯುವುದಿಲ್ಲ, ಸೀಳುವುದಿಲ್ಲ ಎಂದು ಹೊಗಳುತ್ತ ಹೋದ. ವೈನಿ ಎಲ್ಲ ಕೇಳಿದರು. ಚಹಾ ಮುಗಿಸಿ ಕಪ್-ಬಸಿ ಕೆಳಗಿಟ್ಟರು. ದೊಡ್ಡದೊಂದು ಕುಂಡ ಎಳೆದು ಬೋರಲು ಹಾಕಿ, ನನಗೆ ಅದರ ಮೇಲೆ ಹತ್ತಿ ನಿಲ್ಲಲು ಹೇಳಿದರು.

ನಾನು ಸಣ್ಣ ಆಳಲ್ಲ. ಹೋಳಿಗೆ ಊಟಕ್ಕೆ ಕೂತರೆ ಬಡಿಸುವವರು ಪಾಳಿ ಬದಲಿಸಬೇಕಾಗುತ್ತದೆ. ವ್ಯಾಪಾರಿ ಗಾಬರಿಯಾಗಿ ಅಡ್ಡ ಬಂದ. "ಅಕ್ಕಾರ, ಇದರಾಗ ಗಿಡ ಇಡತಾರ್ರಿ. ಮನಷ್ಯಾರ್ನ ನಿಂದ್ರಸೂದಿಲ್ಲ."

ವೈನಿ ಅವನಿಗೆ ಸಮಾಧಾನದಿಂದ ತಿಳಿಸಿ ಹೇಳಿದರು. ನಮ್ಮ ಕಡೆ ಮನೆಗೆ ಬೀಗರು ಬಂದು ಕುರ್ಚಿ ಕಡಿಮೆ ಬಿದ್ದರೆ ಕೈಗೆ ಸಿಕ್ಕಿದ್ದನ್ನು ಬೋರಲು ಹಾಕಿ ಕೂಡುತ್ತಾರೆ, ಡಬ್ಬಿಯಾದರೂ ಸರಿ, ಬುಟ್ಟಿಯಾದರೂ ಸರಿ. ಗಿಡ ಒಣಗಿದ ಮರುದಿನವೇ ಈ ಕುಂಡದ ಮೇಲೆ ಯಾರದೋ ಬೀಗರು ಕೂತಿರುತ್ತಾರೆ. ಅವರು ಬಿದ್ದರೆ ಬೈಗುಳ ಮೀರಜಿಗೆ ಬರುವುದಿಲ್ಲ, ಜಮಖಂಡಿಗೆ ಬರುತ್ತದೆ.

ಮೊದಲನೆಯ ಕುಂಡ ಹತ್ತಿದ್ದೇ ತಡ, ನನ್ನ ಕಾಲು ಮೊಣಕಾಲಿನ ತನಕ ಒಳಗಿಳಿಯಿತು. ಗೋದಾಮಿನವರು ಎಳೆದು ಬಿಡಿಸಿದರು. ಎರಡನೆಯದು ಚಪಾತಿಯ ಹಾಗೆ ಅಗಲವಾಯಿತು. ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ, ನೋಡಲು ಚಂದವೇ ಇಲ್ಲದ, ದಪ್ಪ ಅಂಚಿನ ಕಪ್ಪು ಕುಂಡವೊಂದು ನನ್ನನ್ನು ಹೊತ್ತು ನಿಂತಿತು. ವೈನಿ ಒಂದು ಸುತ್ತು ಹಾಕಿ ನೋಡಿ, ಇನ್ನೊಮ್ಮೆ ಜಿಗಿಯಲು ಹೇಳಿದರು. ಜಿಗಿದೆ. ಜಗ್ಗಲಿಲ್ಲ. ಟೆಂಪೋದ ತುಂಬ ಅದನ್ನೇ ಹೇರಿಸಿದರು.

ಮುಂದಿನ ಸಲ ಹೋದಾಗ ಗೋದಾಮಿನ ಬಾಗಿಲಿಗೇ ಆ ಕಪ್ಪು ಕುಂಡಗಳ ರಾಶಿ ಬಂದು ಕೂತಿತ್ತು. ಬೇರೆ ಊರಿನ ಗಿರಾಕಿಗಳಿಗೆ ವ್ಯಾಪಾರಿ ನನ್ನನ್ನು ಬೆರಳು ಮಾಡಿ ತೋರಿಸಿದ. "ಬಾಳಿಕಿ ಬಗ್ಗೆ ಕೇಳಬ್ಯಾಡ್ರಿ. ಈ ಮಾಲಿನ ಮ್ಯಾಲ ಇವರು ನಿಂತಾರ್ರಿ."

ತೊಳೆದು ನೋಡಿದ ಬಣ್ಣ

ವೈನಿಯ ತವರು ಬನಹಟ್ಟಿ. ಮಗ್ಗದ ಸಪ್ಪಳದಲ್ಲಿ ಹುಟ್ಟಿ ಬೆಳೆದವರು. ಸೀರೆಯನ್ನು ನೋಡುವ ಕಣ್ಣಿನಿಂದಲೇ ಅವರು ಜಗತ್ತನ್ನು ನೋಡುತ್ತಾರೆ. ನಮ್ಮ ಮನೆಗೆ ಸುಣ್ಣ ಬಳಿಸಿದಾಗಲೂ ಗೋಡೆಯ ಅಂಚು ಸರಿ ಬಂದಿಲ್ಲವೆಂದು ಎರಡನೆಯ ಸಲ ಬಳಿಸಿದ್ದರು.

ಅದೇ ವ್ಯಾಪಾರಿ ಈ ಸಲ ಬಣ್ಣ ಹಚ್ಚಿದ ಮಣ್ಣಿನ ಕುಂಡಗಳನ್ನು ತೋರಿಸಿದ. ನೀಲಿ, ಗುಲಾಬಿ, ಗಿಳಿ ಹಸಿರು, ಇಟ್ಟಿಗೆ ಕೆಂಪು, ಮೇಲೆ ಬಂಗಾರದ ಬಳ್ಳಿ. ನನಗಂತೂ ಕಣ್ಣು ತುಂಬಿತು. ವೈನಿ ಸೆರಗಿನ ತುದಿ ಒದ್ದೆ ಮಾಡಿ ನೀಲಿ ಕುಂಡವನ್ನು ತಿಕ್ಕಿದರು. ಸೆರಗಿಗೆ ನೀಲಿ ಬಂತು. ಆಮೇಲೆ ಒಂದು ಬಕೆಟ್ ನೀರು ಕೇಳಿದರು.

ಕುಡಿಯಲಿಕ್ಕೆಂದು ತಿಳಿದು ವ್ಯಾಪಾರಿ ತಂಬಿಗೆಯಲ್ಲಿ ತಂದ. ಅಲ್ಲ, ಬಕೆಟ್ಟೇ ಬೇಕೆಂದರು. ಬಕೆಟ್ ಬಂದ ಮೇಲೆ ಒಂದೊಂದು ಬಣ್ಣದ ಕುಂಡವನ್ನು ಮುಳುಗಿಸಿ, ಕೈಯಿಂದ ಉಜ್ಜಿ, ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ನೀಲಿ ಹೋಯಿತು, ಗುಲಾಬಿ ಹೋಯಿತು, ಬಂಗಾರದ ಬಳ್ಳಿ ನೀರಿನ ಮೇಲೆ ತೇಲಿತು. ಇಟ್ಟಿಗೆಯ ಕೆಂಪು ಮಾತ್ರ ಬಿಡಲಿಲ್ಲ. ಅದನ್ನು ಸಹ ನಂಬದೆ, ನೆರಳಿನಲ್ಲೊಂದು ಬಿಸಿಲಿನಲ್ಲೊಂದು ಇಟ್ಟು, ಒಣಗಿದ ಮೇಲೆ ಎರಡೂ ಒಂದೇ ಬಣ್ಣ ಇರುತ್ತವೋ ಇಲ್ಲವೋ ನೋಡೋಣವೆಂದು ಅಲ್ಲೇ ಕೂತರು. ನಾವು ಕಟ್ಟಿಕೊಂಡು ಹೋದ ರೊಟ್ಟಿ ಬಿಚ್ಚಿ ಉಂಡೆವು. ವ್ಯಾಪಾರಿಗೂ ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು.

ಅವನು ರೊಟ್ಟಿ ತಿನ್ನುತ್ತ ಬಿಸಿಲಿಗೆ ಒಣಗುತ್ತಿದ್ದ ತನ್ನ ಮಾಲನ್ನೇ ನೋಡುತ್ತಿದ್ದ. ಸಿಟ್ಟು ಬಂದಿರಬೇಕು ಎಂದು ನಾನು ಅಂದುಕೊಂಡೆ. ಆದರೆ ಮುಖದಲ್ಲಿ ಇದ್ದದ್ದು ಭಕ್ತಿ. ಕುಂಡಗಳು ಒಣಗಿದ ಮೇಲೆ ತಾನೇ ಎದ್ದು ಹೋಗಿ ಎರಡು ಕೈಯಲ್ಲಿ ಹಿಡಿದು ತಂದು ವೈನಿಯ ಮುಂದಿಟ್ಟು ಕೇಳಿದ.

"ಅಕ್ಕಾರ, ಇಸ್ತ್ರೀನೂ ಮಾಡಸ್ಲೇನ್ರಿ?"

ಸೋರುವ ಗಡಿಗೆ

ಹಳ್ಳಿಯ ಮಂದಿಗೆ ಪ್ಲಾಸ್ಟಿಕ್ ಸೇರಲಿಲ್ಲ, ಮಣ್ಣಿನದೇ ಬೇಕೆಂದರು. ಅದಕ್ಕೆ ಮೀರಜ್ ತನಕ ಯಾಕೆ ಹೋಗಬೇಕೆಂದು ವೈನಿ ಚಿಮ್ಮಡದ ಕಡೆಯ ಒಬ್ಬ ವಯಸ್ಸಾದ ಕುಂಬಾರರನ್ನು ಹುಡುಕಿದರು. ಅವರ ಗಡಿಗೆಯ ನೀರು ಕುಡಿದವರು ಫ್ರಿಜ್ಜಿನ ನೀರು ಉಗುಳುತ್ತಾರೆ ಎಂದು ಆ ಕಡೆ ಮಾತೇ ಇದೆ. ವೈನಿ ಅವರನ್ನು ಕಾಕಾ ಎಂದು ಕರೆದು, ಇಂಥಿಂಥ ಅಳತೆಯ ಕುಂಡ ಬೇಕು, ತಳದಲ್ಲಿ ನೀರು ಹೋಗಲು ಒಂದು ತೂತು ಬೇಕು ಅಂದರು. ಕಾಕಾ ತಿರುಗಿಸುತ್ತಿದ್ದ ತಿಗರಿ ನಿಂತಿತು.

"ಹುಟ್ಟಿದಾಗಿಂದ ಸೋರಬಾರದು ಅಂತ ದುಡದೇನಿ. ಈಗ ಸೋರೂದ ಮಾಡಿಕೊಡು ಅಂತೀಯಲ್ಲವಾ."

ವೈನಿ ಒತ್ತಾಯ ಮಾಡಲಿಲ್ಲ. ತೂತಿಲ್ಲದವನ್ನೇ ತಂದರು. ತೂತು ಹಾಕುವ ಕೆಲಸ ನನಗೆ ಬಂತು. ಮೊಳೆ, ಸುತ್ತಿಗೆ ಹಿಡಿದು ಕೂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನನಗೆ ಅಷ್ಟು ಹೊತ್ತೂ ಬೇಕಾಗಲಿಲ್ಲ. ವೈನಿ ಚೂರುಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ, ಮರುದಿನ ಕಾಕಾರ ಅಂಗಳದಲ್ಲಿ ಸುರಿದರು.

ಕಾಕಾ ಎದ್ದು ಬಂದು ಚೂರಿಗೆ ಚೂರು ಜೋಡಿಸಿ ನೋಡಿದರು. ಅವರ ಹೆಂಡತಿ ಕಾಕೂ ಹೊರಗೆ ಬಂದು ಬಾಯಿಗೆ ಸೆರಗು ಹಿಡಿದರು. ಯಾರು ಮಾಡಿದ್ದೆಂದು ಕಾಕಾ ಕೇಳಿದರು. ವೈನಿ ನನ್ನ ಕಡೆ ಕೈ ತೋರಿಸಿದರು. ಕಾಕಾ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಹಸಿ ಇದ್ದಾಗಲೇ ತಾನು ತೂತು ಹಾಕಿ ಕೊಡುವೆನೆಂದೂ, ಈ ಮನುಷ್ಯನನ್ನು ಮಾತ್ರ ಮಾಲಿನ ಹತ್ತಿರ ಬಿಡಬಾರದೆಂದೂ ಹೇಳಿದರು.

ಮಾಲು ಬಂತು. ಪ್ರತಿ ಕುಂಡಕ್ಕೂ ತೂತು, ಪ್ರತಿ ತೂತಿಗೂ ಅದೇ ಮಣ್ಣಿನಲ್ಲಿ ಸುಟ್ಟ ಒಂದು ಬಿರಡೆ. ಸೋರುವ ಗಡಿಗೆ ಮಾಡಿದನೆಂದು ಬೀಗರ ಮುಂದೆ ತಲೆ ತಗ್ಗಿಸಲು ಕಾಕಾ ತಯಾರಿರಲಿಲ್ಲ. ಬಿರಡೆ ಎಷ್ಟು ಸರಿಯಾಗಿ ಕೂಡುತ್ತಿತ್ತೆಂದರೆ, ಬಿಸಿಲು ಹೆಚ್ಚಾದಂತೆ ಬನಹಟ್ಟಿಯ ಮಂದಿ ಗಿಡ ಬಿಟ್ಟು ಕುಂಡ ಒಯ್ದು ಕುಡಿಯುವ ನೀರು ತುಂಬಿದರು. ತೊಳೆಯುವಾಗ ಬಿರಡೆ ತೆಗೆದರೆ ತಳದ ಕೆಸರೆಲ್ಲ ಹೋಗುತ್ತದಂತೆ, ಇಂಥ ಅನುಕೂಲ ಯಾವ ಗಡಿಗೆಯಲ್ಲೂ ಇಲ್ಲವಂತೆ.

ಕಾಕಾ ಇದನ್ನು ಕೇಳಿ ವೈನಿಯನ್ನು ಹತ್ತಿರ ಕರೆದು, ಒಂದಾದರೂ ಸೋರಿದೆಯೇ ಎಂದು ಕೇಳಿದರು. ಒಂದೂ ಇಲ್ಲವೆಂದರು ವೈನಿ. ಕಾಕಾರಿಗೆ ಹಿಗ್ಗು ಹಿಡಿಸಲಿಲ್ಲ.

"ಹಂಗಾದ್ರ ನಡುವ ಈ ಗಿಡ ಯಾಕ ಬೇಕವಾ?"

ಕೊಡತಿ ಹಿಡಿದವರು

ಅಪ್ಪ ಕೇಳತೊಡಗಿದ್ದೂ ಅದನ್ನೇ. ಯುಗಾದಿ ಬಂತು, ಹೋಯಿತು. ಬಿಸಿಲಿಗೆ ಗಿಡಗಳು ತಲೆ ಬಾಗಿಸಿದವು. ನೀರಿನ ಗಡಿಗೆಗೆಂದು ಬಂದವರನ್ನು ಅಪ್ಪ ಗಿರಾಕಿ ಎಂದು ಒಪ್ಪಲಿಲ್ಲ. ಗಿಡ ಒಯ್ಯುವವರು ಬಂದರೆ ಮಾತ್ರ ಮಂದಿ ಬಂದ ಹಾಗೆ ಅಂದ. ವೈನಿ ಮಾತು ಕೊಟ್ಟಿದ್ದರು, ವಾದ ಮಾಡಲಿಲ್ಲ. ಒಂದೊಂದನ್ನೂ ಬಡಿದು, ತೊಳೆದು, ಆರಿಸಿ ತಂದ ಕುಂಡಗಳ ನಡುವೆ ಅವರು ಸುಮ್ಮನೆ ಓಡಾಡುವುದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಅಷ್ಟು ಗಟ್ಟಿ ಹೆಣ್ಣುಮಗಳು ಮಾತು ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ಮುಂಜಾನೆ ಅಪ್ಪ ಬಿಳಿ ಧೋತರ ಉಟ್ಟು, ಎಮ್ಮೆ ಕಟ್ಟುವ ಗೂಟಗಳನ್ನೂ ಅವನ್ನು ಬಡಿಯುವ ಮರದ ಕೊಡತಿಯನ್ನೂ ನರ್ಸರಿಗೆ ತಂದು, ಬೇವಿನ ನೆರಳಿನ ಹೊರಸಿನ ಮೇಲೆ ದಣಿವಾರಿಸಿಕೊಳ್ಳಲು ಕೂತ. ಸುತ್ತಲೂ ಕುಂಡ, ಕೈಯಲ್ಲಿ ಕೊಡತಿ. ನಾನು ಆಗಷ್ಟೇ ಚಿಮ್ಮಡದ ಕಡೆಯಿಂದ ಕಾಕಾರನ್ನು ಕರೆತಂದಿದ್ದೆ. ಹಕ್ಕಿಗಳಿಗೆ ನೀರಿಡಲೆಂದು ವೈನಿ ಹೇಳಿ ಮಾಡಿಸಿದ, ತೂತಿಲ್ಲದ ಸಣ್ಣ ಗಡಿಗೆಗಳನ್ನು ಅವರು ಟೆಂಪೋದಿಂದ ಇಳಿಸುತ್ತಿದ್ದರು. ತಲೆಗೆ ಟವೆಲ್ಲು, ಮೈತುಂಬ ಧೂಳು.

ಆಗ ಹಲಗಿ, ಸನಾದಿ ಕೇಳಿಸಿದವು. ಪುನರ್ವಸತಿ ಕೇಂದ್ರದ ಕಡೆಯಿಂದ ಒಂದು ಮದುವೆಯ ದಂಡು ಆರತಿ ಹಿಡಿದು ನೇರ ನಮ್ಮ ನರ್ಸರಿಗೇ ಬಂತು. ನಮ್ಮ ಕಡೆ ಮದುವೆಯ ಶಾಸ್ತ್ರದಲ್ಲಿ ಪೂಜೆಗೆ ಐರಾಣಿ ಗಡಿಗೆ ಬೇಕು. ಹೆಂಗಸರು ವಾದ್ಯ ಸಮೇತ ಕುಂಬಾರರ ಮನೆಗೆ ಹೋಗಿ, ಕುಂಬಾರರಿಗೆ ಮರ್ಯಾದೆ ಮಾಡಿ, ಅವರ ಕೈಯಿಂದಲೇ ಆ ಗಡಿಗೆ ತರಬೇಕು. ಇವರ ಹಳೆಯ ಊರಿನ ಕುಂಬಾರರ ಮನೆ ನೀರಿನಲ್ಲಿ ಹೋಗಿತ್ತು. ಗಡಿಗೆ ಎಲ್ಲಿ ಇರುತ್ತವೆಯೋ ಅದೇ ಕುಂಬಾರರ ಮನೆ ಎಂದು ಅವರ ಹಿರಿಯ ಮುದುಕಿ ತೀರ್ಮಾನ ಕೊಟ್ಟಿದ್ದಳು.

ಗಡಿಗೆಗಳ ನಡುವೆ, ಗಡಿಗೆ ತಟ್ಟುವ ಹಲಗೆಯಂಥ ಕೊಡತಿ ಹಿಡಿದು ಕೂತವನು ಕುಂಬಾರನಲ್ಲದೆ ಮತ್ತೆ ಯಾರು? ಮುದುಕಿ ಅಪ್ಪನ ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತಿದಳು. ತಾನು ಕುಂಬಾರನಲ್ಲ ಎಂದು ಹೇಳಲು ಅಪ್ಪ ಬಾಯಿ ತೆರೆದ. ಅದರೊಳಗೆ ಒಂದು ದೊಡ್ಡ ಬೆಲ್ಲದ ಹೆಂಟೆ ಇಟ್ಟಳು. ಮಾತಾಡಲು ಬಾರದೆ ಅಪ್ಪ ಕಾಕಾರ ಕಡೆ ಕೈ ಮಾಡಿದ. ಮುದುಕಿ ತಿರುಗಿ ಕಾಕಾರನ್ನು ನೋಡಿ, ಬಾಯಿ ತೆರೆದು ನಿಲ್ಲಬೇಡ, ಯಜಮಾನರು ಹೇಳಿದ ಗಡಿಗೆ ಬೇಗ ತಾ ಎಂದು ಗದರಿಸಿದಳು.

ಕಾಕಾರಿಗೆ ಎಲ್ಲ ಅರ್ಥವಾಯಿತು. ದೊಡ್ಡ ಮನುಷ್ಯರು. ಚಂದದ ಗಡಿಗೆಗಳನ್ನು ಆರಿಸಿ ತಂದು ಅಪ್ಪನ ಮುಂದಿಟ್ಟು, ಬಗ್ಗಿ, ಮೆಲ್ಲಗೆ ಹೇಳಿದರು. "ಸುಮ್ಮ ಕೂಡ್ರಿ ಗೌಡ್ರ. ಮದಿವಿ ಮನ್ಯಾರ್ನ ಬರಿಗೈಲೆ ಕಳಸಬಾರದು. ಇವತ್ತೊಂದಿನ ನೀವ ಕುಂಬಾರ ಆಗ್ರಿ."

ಜೀವಮಾನದಲ್ಲಿ ಯಾರ ಮಾತೂ ಕೇಳದ ಅಪ್ಪ ಅವತ್ತು ಕೇಳಿದ. ಉಡಿಯಲ್ಲಿ ಜೋಳ, ಕೊಬ್ಬರಿ ಹಾಕಿಸಿಕೊಂಡ. ತಲೆಗೆ ಗುಲಾಬಿ ಬಣ್ಣದ ಪಟಗಾ ಸುತ್ತಿಸಿಕೊಂಡ. ಗಡಿಗೆಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಮದುಮಗಳು ಕಾಲಿಗೆ ಬಿದ್ದಾಗ ಬೆಲ್ಲ ನುಂಗಿ, ಗಂಟಲು ಸರಿ ಮಾಡಿಕೊಂಡು, ನೂರು ವರ್ಷ ಬಾಳವ್ವ ಎಂದು ಹರಸಿದ.

ಕೆಲಸ ಮುಗಿದ ಮೇಲೆ ಹೆಂಗಸರ ಕಣ್ಣು ಗಿಡದ ಮೇಲೆ ಬಿತ್ತು. ಹೊಸ ಮನೆಗೆ ತುಳಸಿ ಬೇಕೆಂದು ಒಬ್ಬಳು, ಮಲ್ಲಿಗೆ ಬೇಕೆಂದು ಇನ್ನೊಬ್ಬಳು. ಒಬ್ಬಳು ಕೆಂಪು ಕುಂಡ ಹಿಡಿದರೆ ಉಳಿದವರಿಗೆ ಕೆಂಪೇ ಬೇಕು. ವೈನಿಯ ಬಾಯಿ ತೆರೆಯಿತು, ಕೈ ಓಡಿತು. ಹೋಗುವಾಗ ಮುದುಕಿ, ಇನ್ನು ತಮ್ಮ ಕೇಂದ್ರದ ಎಲ್ಲ ಮದುವೆಯ ಐರಾಣಿಯೂ ಇಲ್ಲಿಯದೇ ಎಂದು ಸಾರಿ ಹೋದಳು. ನರ್ಸರಿಯ ಅರ್ಧ ಗಿಡ ಅವರ ಹಿಂದೆ ನಡೆಯಿತು.

ಅಪ್ಪ ಪಟಗಾ ತೆಗೆದು, ಇದು ನಿಮ್ಮದೆಂದು ಕಾಕಾರ ಮುಂದೆ ಹಿಡಿದ. ಕಾಕಾ ಕೈ ತೊಳೆದುಕೊಂಡು ಬಂದು ಅದನ್ನು ತಿರುಗಿ ಅಪ್ಪನ ತಲೆಗೇ ಸುತ್ತಿದರು. ತಮ್ಮ ಟ್ರಂಕಿನಲ್ಲಿ ಇಂಥವು ಬೇಕಾದಷ್ಟು ಇವೆ, ಉಳಿದ ಬೆಲ್ಲ ಇದ್ದರೆ ಕೊಡಿ ಸಾಕು ಅಂದರು. ವೈನಿ ಬೆಲ್ಲವನ್ನೂ ಚಹಾವನ್ನೂ ಕೊಟ್ಟು ಅಪ್ಪನ ಹತ್ತಿರ ಬಂದು, ಗೂಟ ಎಲ್ಲಿ ಬಡಿಯುವುದೆಂದು ಹೇಳಿದರೆ ಅಷ್ಟು ಜಾಗ ತೆರವು ಮಾಡುತ್ತೇನೆ ಅಂದರು.

ಅಪ್ಪ ಟೆಂಪೋದ ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡ. ಪಟಗಾದ ತುದಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಳಿಬಿಟ್ಟ. ಬಲಕ್ಕೇ ಚಂದವೆನಿಸಿರಬೇಕು, ಅಲ್ಲಿಯೇ ಬಿಟ್ಟ. ಆಮೇಲೆ ಗೂಟಗಳನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ತಿರುಗಿದ.

"ಬ್ಯಾಡ ಬಿಡವಾ. ಹುಟ್ಟಿದಾಗಿಂದ ಎಮ್ಮಿ ಸೇವಾ ಮಾಡೇನಿ. ಒಂದ ಎಮ್ಮಿಯರ ನನಗ ಪಟಗಾ ಸುತ್ತೇತೇನು?"