ಸಸ್ಯಮೂಲವೂ ನನಗಿಲ್ಲದ ಮೂಲವೂ

ಮನೆಗೆ ಹೊಸದೇನು ಬಂದರೂ ಮೊದಲು ನನ್ನ ಮೇಲೆ ಪ್ರಯೋಗ ಮಾಡಿ ನೋಡುವುದು ನಮ್ಮ ಮನೆಯ ಪದ್ಧತಿ. ನೆಗಡಿಗೆಂದು ಹಬೆಯ ಯಂತ್ರ ತಂದಾಗ ಮೂಗು ಸುಟ್ಟುಕೊಂಡವನು ನಾನು. ಮೊಣಕಾಲಿಗೆಂದು ಹೊಸ ಎಣ್ಣೆ ತಂದಾಗ ಬಚ್ಚಲಿನಲ್ಲಿ ಜಾರಿ ಬಿದ್ದವನೂ ನಾನೇ. ಅವೆಲ್ಲ ನಮ್ಮ ನಾಲ್ಕು ಗೋಡೆಗಳ ನಡುವೆ ನಡೆದು ಮುಗಿದವು, ಇರಲಿ. ಆದರೆ ಈ ಸಲ ಬಂದದ್ದು ಒಂದು ಅಡುಗೆ ಪುಸ್ತಕ. ಅದು ನನ್ನ ಮಾನವನ್ನು ಬೆಟಗೇರಿಯಿಂದ ಮುಂಡರಗಿಯ ತನಕ ಹರಾಜು ಹಾಕಿತು.

ನಾನು ಬೆಟಗೇರಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಟೇಲರ್. ದಿನವಿಡೀ ಮಷಿನ್ ಮುಂದೆ ಕುಳಿತಿರುವವನಿಗೆ ಹೊಟ್ಟೆ ಸ್ವಲ್ಪ ಮುಂದೆ ಬರುವುದು ಸಹಜ. ಡಾಕ್ಟರು ನೋಡಿ, "ಬೆಣ್ಣಿ-ತುಪ್ಪ ಸ್ವಲ್ಪ ಕಡಿಮಿ ಮಾಡ್ರಿ" ಎಂದರು. ದಯವಿಟ್ಟು ಗಮನಿಸಿ, ಸ್ವಲ್ಪ ಎಂದರು. ಮೊಸರಿನ ಹೆಸರನ್ನೇ ಎತ್ತಲಿಲ್ಲ. ಆದರೆ ನನ್ನ ಹೆಂಡತಿ ಮರುದಿನವೇ ಗದಗಿಗೆ ಹೋಗಿ ಒಂದು ಹೊಚ್ಚ ಹೊಸ ಪುಸ್ತಕ ತಂದಳು. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ಸಸ್ಯಮೂಲ ಆಹಾರ' ಎಂದಿತ್ತು. ಅದರೊಳಗೆ ಹಾಲಿಲ್ಲ, ಮೊಸರಿಲ್ಲ, ಬೆಣ್ಣೆಯಿಲ್ಲ, ತುಪ್ಪವಿಲ್ಲ. ಎಲ್ಲವೂ ಗಿಡದಿಂದ ಬಂದದ್ದೇ ಆಗಬೇಕಂತೆ.

"ನಾವು ಹುಟ್ಟಿದಾಗಿಂದ ಕಾಯಿಪಲ್ಲೆ ತಿನ್ನೋರು. ನಮಗ್ಯಾಕ ಇದು?" ಎಂದೆ.

"ಕಾಯಿಪಲ್ಲೆ ತಿಂದು ಬಂದ ಹೊಟ್ಟಿ ಅಲ್ಲ ಅದು. ಅದರಾಗ ಅರ್ಧಾ ಎಮ್ಮಿ ಐತಿ" ಎಂದಳು.

ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪಕ್ಕದಲ್ಲಿ ಚಾಕುವಿನಿಂದ ಕೊಯ್ಯಬಹುದಾದಂಥ ಗಟ್ಟಿ ಮೊಸರು. ನನಗೆ ಗೊತ್ತಿರುವ ಸುಖ ಇಷ್ಟೇ. ಮೊಸರಿಲ್ಲದ್ದನ್ನು ನಾನು ಊಟವೆಂದು ಒಪ್ಪಿದವನೇ ಅಲ್ಲ. ಆ ಮೊಸರಿಗೇ ಕೈಹಾಕಿದರು!

ಯಾವ ಗಿಡದ ಹಾಲು?

ಮೊದಲ ದಿನ ಹೆಂಡತಿ ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು: "ಎಮ್ಮೆಯ ಹಾಲಿನ ಬದಲು ಗಿಡದ ಹಾಲನ್ನು ಬಳಸಿ."

ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದ ನಮ್ಮವ್ವನ ಕೈ ಅಲ್ಲೇ ನಿಂತಿತು. ಆಕೆಗೆ ಗೊತ್ತಿದ್ದ ಗಿಡದ ಹಾಲು ಎರಡೇ. ಎಲೆ ಮುರಿದರೆ ಸುರಿಯುವ ಎಕ್ಕೆಗಿಡದ್ದು ಒಂದು, ಬೇಲಿಯ ಕಳ್ಳಿಯದು ಇನ್ನೊಂದು. ಎರಡೂ ವಿಷ.

"ಯವ್ವಾ, ನನ್ನ ಮಗಾ ನಿನಗೇನ ಅಂಥಾ ತ್ರಾಸ ಕೊಟ್ಟಾನ?" ಎಂದು ಸೊಸೆಯನ್ನು ಕೇಳಿದಳು.

"ಯಾಕ್ರಿ ಅತ್ತಿ?"

"ಎಕ್ಕಿ ಹಾಲು ಕುಡಿಸಾಕ ಹೊಂಟಿಯಲ್ಲಾ! ಹೆಂಗಿದ್ರೂ ಅವ ನಿನ್ನ ಗಂಡ."

ಶೇಂಗಾ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬರುವ ಹಾಲು ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಹೆಂಡತಿ ಸುಸ್ತಾದಳು. ಹಿಂಡಲು ತೆಗೆದುಕೊಂಡ ಬಟ್ಟೆ ಯಾವುದು ಗೊತ್ತೇ? ನನ್ನ ಗಿರಾಕಿಯೊಬ್ಬರ ಜಂಪರಿಗೆಂದು ಕತ್ತರಿಸಿಟ್ಟಿದ್ದ ಅಸ್ತರು! ಕೇಳಿದರೆ, "ತೆಳ್ಳಗ, ಸ್ವಚ್ಛ ಇತ್ತು" ಎಂಬ ಉತ್ತರ. ಆ ಹಾಲಿನಲ್ಲೇ ಚಹಾ ಆಯಿತು. ಮೇಲೆ ಎಣ್ಣೆ ತೇಲುತ್ತಿತ್ತು, ಕೆಳಗೆ ಹಿಟ್ಟು ಕೂತಿತ್ತು, ನಡುವೆ ಎಲ್ಲೋ ಚಹಾ ಇತ್ತು.

ಅವ್ವ ಒಂದು ಗುಟುಕು ಕುಡಿದು, ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ಎಕ್ಕಿ ಹಾಲರ ಆಗಿದ್ರ ಒಮ್ಮೆಗೇ ಮುಗೀತಿತ್ತು" ಎಂದಳು.

ಮೊದಲು ಕರು ಬಿಡತೀರೇನು?

ಹರ್ತಿಯಿಂದ ಬರುವ ಮೊಸರಿನವಳು ನಮ್ಮ ಮನೆಗೆ ವರ್ಷಗಳಿಂದ ಹಾಕುವವಳು. ತಲೆಯ ಮೇಲಿನ ಬುಟ್ಟಿ ಇಳಿಸಿ, ಕಟ್ಟೆಗೆ ಕುಳಿತು, ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳೆಂದರೆ ಆ ಕೆನೆಯ ವಾಸನೆಗೆ ನಾನು ಹಾಸಿಗೆಯಿಂದ ಏಳುತ್ತಿದ್ದೆ. ಅಂಥವಳಿಗೆ ನನ್ನ ಹೆಂಡತಿ ಒಂದು ಬೆಳಿಗ್ಗೆ, "ಇನ್ನ ಮ್ಯಾಲೆ ಬ್ಯಾಡವಾ" ಎಂದುಬಿಟ್ಟಳು.

ಮೊಸರಿನವಳ ಮುಖ ಕೆಂಪಾಯಿತು. "ಲಕ್ಕುಂಡಿಯಾಕಿ ಬಂದಿದ್ಲೇನ್ರಿ? ಆಕಿ ಮೊಸರಿಗೆ ನೀರು ಹಾಕತಾಳ, ಮೊದಲ ಹೇಳತೇನಿ."

"ಯಾರೂ ಬಂದಿಲ್ಲ. ಮನ್ಯಾಗ ಮಾಡಕೊತೇವಿ."

"ಎಮ್ಮಿ ತಂದೀರಿ?" ಅವಳು ಬಾಗಿ ನಮ್ಮ ಪಡಸಾಲೆಯನ್ನೆಲ್ಲ ನೋಡಿದಳು. ಎಮ್ಮೆ ಕಾಣಲಿಲ್ಲ. ಕತ್ತೆತ್ತಿ ಮಾಳಿಗೆಯನ್ನೂ ನೋಡಿದಳು. "ಎಲ್ಲಿ ಕಟ್ಟೀರಿ?"

"ಎಮ್ಮೀದಲ್ಲ. ಶೇಂಗಾ ಹಿಂಡಿ ಹಾಲು ತಗೀತೇನಿ. ಅದಕ್ಕ ಹೆಪ್ಪು ಹಾಕಿ ಮೊಸರು."

ಮೊಸರಿನವಳು ಗಡಿಗೆಯ ಬಾಯಿ ಕಟ್ಟಿದಳು, ಬುಟ್ಟಿ ಹೊತ್ತಳು. ಮೆಟ್ಟಿಲು ಇಳಿದವಳು ತಿರುಗಿ ನಿಂತು, ಬಹಳ ಗಂಭೀರವಾಗಿ ಕೇಳಿದಳು:

"ಹಿಂಡೂಕಿಂತ ಮೊದಲ ಕರು ಬಿಡತೀರೇನ್ರಿ, ಹಂಗ ಹಿಂಡತೀರೋ?"

ನಿಂತು ಹೊಲಿಯಿರಿ

ಈಗ ನನ್ನ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ.

ಮೊಸರಿನವಳು ನಮ್ಮ ಮನೆ ದಾಟಿ ಹೋಗುತ್ತಿರುವುದನ್ನು ಪಕ್ಕದ ಮನೆಯಮ್ಮನವರು ನೋಡಿದರು. ಸಂಜೆ ಅವ್ವನನ್ನು ಕೇಳಿದರು, "ಯಾಕ್ರಿ, ಮೊಸರು ಬಿಡಿಸೀರಿ?"

ಅವ್ವನಿಗೆ ಓದಲು ಬಾರದು. ಸೊಸೆಯ ಬಾಯಿಂದ ಕೇಳಿದ ಪುಸ್ತಕದ ಹೆಸರಿನಲ್ಲಿ ಅರ್ಧ ಮಾತ್ರ ನೆನಪಿತ್ತು. "ಅದೇನೋ ಮೂಲದ್ದಂತವಾ. ನಮ್ಮ ಮಗಗ ಈಗ ಮೂಲದ ಅಡಿಗೀನ ಮಾಡಿ ಹಾಕತಾಳ" ಎಂದಳು.

ಆಯಿತಲ್ಲ! ನಮ್ಮ ಕಡೆ ಮೂಲ ಎಂದರೆ ಮೂಲವ್ಯಾಧಿ. ಅದು ಯಾವ ಜಾಗದ ರೋಗ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಕುಳಿತು ಹೊಟ್ಟೆ ಹೊರೆಯುವ ಟೇಲರಿಗೆ ಆ ರೋಗವೆಂದರೆ ಯಾರು ತಾನೇ ನಂಬುವುದಿಲ್ಲ?

ಮರುದಿನ ಪಕ್ಕದ ಮನೆಯಮ್ಮನವರು ಅಂಗಡಿಗೆ ಬಂದರು. ಕೈಯಲ್ಲಿ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಅಂಗಡಿಯ ತುಂಬ ಹೆಣ್ಣುಮಕ್ಕಳು.

"ಮಾಸ್ತರ, ಇದನ್ನ ಬುಡಕ ಇಟಗೊಳ್ರಿ. ನಮ್ಮ ಮನಿಯವರೂ ಇದರ ಮ್ಯಾಲೇ ಕುಂಡರತಿದ್ರು."

ನನಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕಿವಿಯಿಂದ ಹೊಗೆ ಬಂತು. "ಅಯ್ಯ, ಅದು ಸಸ್ಯಮೂಲರೀ! ಸಸ್ಯಮೂಲ!" ಎಂದು ಕೂಗಿದೆ.

"ಸಸ್ಯಾ ಹಚ್ಚಿದ್ರ ಹೋಗೂದಿಲ್ರಿ ಅದು. ಆಪರೇಶನ್ನ ಆಗಬೇಕು" ಎಂದರು.

ಉಳಿದವರೆಲ್ಲ ನೆಲ ನೋಡುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮದುವೆಯ ಜಂಪರಿಗಾಗಿ ದಿನಾ ಬಂದು ಜಗಳವಾಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳಂತೂ ಕರುಣೆಯಿಂದ ಕರಗಿಹೋದಳು.

"ಅವಸರಿಲ್ರಿ ಮಾಸ್ತರ. ಕುಂಡ್ರಾಕ ಆಗದಿದ್ರ ನಿಂತಽ ಹೊಲೀರಿ."

ಶಿರಹಟ್ಟಿಯ ಪಂಕ್ತಿ

ಶೇಂಗಾದ ಮೊಸರು ಹೆಪ್ಪುಗಟ್ಟಿದ ದಿನ ಅದನ್ನು ತಲೆಕೆಳಗಾಗಿ ಹಿಡಿದರೂ ಬೀಳಲಿಲ್ಲ. ಬಾಯಿಗಿಟ್ಟರೆ ಅಲ್ಲಿಯೂ ಅಂಟಿಕೊಂಡು ಕುಳಿತಿತು. ಹೀಗಿರುವಾಗ ಶಿರಹಟ್ಟಿಯಲ್ಲಿ ಹೆಂಡತಿಯ ಕಡೆಯವರ ಮದುವೆ ಬಂತು. ಹೋಳಿಗೆ ತುಪ್ಪ ಉಣ್ಣುತ್ತೇನೆ, ಕೊನೆಗೆ ಮೊಸರನ್ನ ಎರಡು ಸಲ ಹಾಕಿಸಿಕೊಳ್ಳುತ್ತೇನೆ, ಯಾರು ತಡೆಯುತ್ತಾರೆ ನೋಡೋಣ ಎಂದು ಮೊದಲ ಪಂಕ್ತಿಯಲ್ಲೇ ಕುಳಿತೆ.

ತಡೆದವರು ಲಕ್ಷ್ಮೇಶ್ವರದಿಂದ ಬಂದಿದ್ದ ಹೆಂಡತಿಯ ಸೋದರಮಾವ. ನನ್ನ ಎದುರಿಗೇ ಕುಳಿತಿದ್ದರು. ಬಡಿಸುವವನು ನನ್ನ ಎಲೆಯ ಮೇಲೆ ಹೋಳಿಗೆ ಇಡಬೇಕು, ಅಷ್ಟರಲ್ಲಿ ಮಂಟಪಕ್ಕೆಲ್ಲ ಕೇಳುವಂತೆ ಕೂಗಿದರು:

"ಅವರಿಗೆ ಹೋಳಿಗಿ ಹಾಕಬ್ಯಾಡ್ಲೇ! ಅವರಿಗೆ ಮೂಲ ಐತಿ! ಬಾಳೆಹಣ್ಣು ತಂದು ಹಾಕು!"

ಖಬರು ಲಕ್ಷ್ಮೇಶ್ವರ ಮುಟ್ಟಿದೆ ಎಂದು ನನಗೆ ಗೊತ್ತಾದದ್ದೇ ಆಗ. ಬಡಿಸುವವನು ಹೋಳಿಗೆಯನ್ನು ಪಕ್ಕದವರಿಗೆ ಹಾಕಿ, ನನ್ನ ಎಲೆ ತುಂಬ ಬಾಳೆಹಣ್ಣು ಸುರಿದ. ವಿಡಿಯೊ ತೆಗೆಯುವವನಿಗೂ ಅದೇ ಹೊತ್ತು ಸಿಗಬೇಕೆ? ದೀಪ ಹಿಡಿದು ನನ್ನ ಮುಂದೆಯೇ ನಿಂತ. ನಾನು ಸಿಟ್ಟಿನಿಂದ ಎದ್ದು ಕೈ ತೊಳೆಯಲು ಹೋದೆ. ತಿರುಗಿ ನೋಡಿದರೆ ನನ್ನ ಸಾಲಿಗೆ ಮೊಸರನ್ನ ಬಂದಿತ್ತು.

ಮದುವೆಯ ವಿಡಿಯೊ ಈಗ ಎಲ್ಲರ ಮೊಬೈಲಿಗೂ ಬಂದಿದೆ. ಮದುಮಕ್ಕಳನ್ನು ಯಾರೂ ನೋಡುವುದಿಲ್ಲ. ನನ್ನ ಬಾಳೆಹಣ್ಣಿನ ಭಾಗ ಬಂದಾಗ ನಿಲ್ಲಿಸಿ ನೋಡುತ್ತಾರೆ.

ಮುಂಡರಗಿಯ ಬೀಗರು

ಮಗಳನ್ನು ಮುಂಡರಗಿಗೆ ಕೊಟ್ಟಿದ್ದೇವೆ. ಅವಳ ಅತ್ತೆ-ಮಾವ ಆ ವಿಡಿಯೊ ನೋಡಿ ಗಾಬರಿಯಾಗಿ, ನನ್ನನ್ನು ಮಾತನಾಡಿಸಲು ಬರುತ್ತೇವೆಂದು ಫೋನ್ ಮಾಡಿದರು.

ನನ್ನ ಹೆಂಡತಿಗೂ ಈಗ ನಾಚಿಕೆಯಾಯಿತು. "ಬೀಗರ ಮುಂದ ಖರೆ ಹೇಳಿ ಮುಗಿಸಿಬಿಡ್ರಿ" ಎಂದಳು. ನಾನು ಸಿದ್ಧನಾಗಿಯೇ ಇದ್ದೆ. ಸಸ್ಯ ಎಂದರೇನು, ಮೂಲ ಎಂದರೇನು, ಒಬ್ಬ ಮರ್ಯಾದಸ್ಥನ ಹೆಸರು ಹೇಗೆ ಕೆಡುತ್ತದೆ ಎಂದು ದೊಡ್ಡ ಭಾಷಣವನ್ನೇ ತಯಾರು ಮಾಡಿದ್ದೆ. ಸಾಕ್ಷಿಗೆ ಪುಸ್ತಕವನ್ನೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಬೀಗರು ಬಂದರು, ಕೈಕಾಲು ತೊಳೆದರು, ಕುಳಿತರು. "ಕುಂಡ್ರಿ, ಕುಂಡ್ರಿ" ಎಂದು ನನಗೆ ಹೇಳಲು ಹೋದ ಬೀಗರು ನಡುವೆಯೇ ತಡೆದು, "ನಿಂದ್ರೂದಿದ್ರ ನಿಂದರ್ರಿ, ನಾವೇನೂ ತಪ್ಪು ತಿಳಕೊಳ್ಳೂದಿಲ್ಲ" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. "ನೋಡ್ರಿ ಬೀಗರ, ಖರೆ ಹೇಳಬೇಕಂದ್ರ..."

ಅಷ್ಟರಲ್ಲಿ ಬೀಗಿತ್ತಿ ಚೀಲದಿಂದ ಒಂದು ದೊಡ್ಡ ಗಡಿಗೆ ತೆಗೆದು ನನ್ನ ಮುಂದಿಟ್ಟರು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು.

"ಮೂಲಕ್ಕ ಮಜ್ಜಿಗಿಯಂಥಾ ಔಷಧ ಇಲ್ರಿ. ನಮ್ಮ ಎಮ್ಮೀದು, ಮೊಸರಽ ತಂದೇನಿ. ಕಡದು ಕುಡೀರಿ, ಇಲ್ಲಾ ಹಂಗಽ ಉಣ್ರಿ."

ಗಡಿಗೆಯ ಅಂಚಿನವರೆಗೂ ಹಳದಿ ಕೆನೆ. ಎಷ್ಟು ದಿನಗಳಾಗಿತ್ತು ಆ ವಾಸನೆ ಬಂದು! ನಾನು ಅಡುಗೆಮನೆಯ ಬಾಗಿಲು ನೋಡಿದೆ. ಹೆಂಡತಿ 'ಹೇಳ್ರಿ, ಹೇಳ್ರಿ' ಎಂದು ಕಣ್ಸನ್ನೆ ಮಾಡುತ್ತಿದ್ದಳು. ಮತ್ತೆ ಗಡಿಗೆ ನೋಡಿದೆ. ಬೀಗರ ಮನೆಯಿಂದ ಔಷಧವೆಂದು ಬಂದದ್ದನ್ನು ಬೇಡವೆನ್ನುವ ಧೈರ್ಯ ಅವಳಿಗಿಲ್ಲ, ನನಗೆ ಗೊತ್ತು. ಪುಸ್ತಕವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

"ಏನೋ ಹೇಳಾಕ ಹತ್ತಿದ್ರಿ?" ಎಂದರು ಬೀಗರು.

"ಬಾಳ ತ್ರಾಸ ಐತ್ರಿ" ಎಂದೆ.

ಒಳಗೆ ಸೌಟು ಬಿದ್ದ ಸಪ್ಪಳವಾಯಿತು. ಅವ್ವ ಮಗನ ಕಷ್ಟ ನೋಡಲಾರದೆ ಆ ಸ್ಕೂಟರ್ ಟ್ಯೂಬು ತಂದು ನನ್ನ ಕೆಳಗೆ ತಳ್ಳಿದಳು. ಅದರ ಮೇಲೆಯೇ ಕುಳಿತು, ರೊಟ್ಟಿ ಮುರಿದು, ಮೊದಲ ತುತ್ತು ಮೊಸರು ಬಾಯಿಗಿಟ್ಟೆ. ಮಾನ ಹೋದರೆ ಹೋಗಲಿ ಎನಿಸಿತು, ಅಷ್ಟು ಚೆನ್ನಾಗಿತ್ತು.

"ವಾರಾ ವಾರಾ ಬಸ್ಸಿನ್ಯಾಗ ಕಳಸತೇನಿ" ಎಂದರು ಬೀಗಿತ್ತಿ. ನನ್ನ ಕಣ್ಣಲ್ಲಿ ನೀರು ಬಂತು. "ಆದ್ರ ಇದಕ್ಕ ಪಥ್ಯ ಬಾಳ ಬಿಗಿ ಇರಬೇಕ್ರಿ. ಖಾರಾ ಮುಟ್ಟಂಗಿಲ್ಲ. ಬದನಿಕಾಯಿ ಬಂದ್. ಶೇಂಗಾ ಚಟ್ನಿ ಬಂದ್. ಮಿರ್ಚಿ ಭಜಿ ಅಂತೂ ಹೆಸರಽ ತಗೀಬಾರದು."

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಸಂಜೆಯ ಮಿರ್ಚಿ ಭಜಿಯೊಂದರ ಆಸರೆಯಲ್ಲೇ ನಾನು ಇಷ್ಟು ದಿನ ಶೇಂಗಾದ ಹಾಲು ಸಹಿಸಿದ್ದು! "ಅಷ್ಟೇನೂ ಜಾಸ್ತಿ ಆಗಿಲ್ರೀ..." ಎಂದು ತೊದಲಿದೆ.

ಹೆಂಡತಿ ನಗುತ್ತ ಹೊರಗೆ ಬಂದಳು. ನನ್ನ ಬೆನ್ನ ಹಿಂದಿನಿಂದ ಪುಸ್ತಕ ಎಳೆದುಕೊಂಡು, ಸೆರಗಿನಿಂದ ಧೂಳು ಒರೆಸಿದಳು.

"ನೀವೇನ ಚಿಂತಿ ಮಾಡಬ್ಯಾಡ್ರಿ ಅಕ್ಕಾರ" ಎಂದಳು. "ಖಾರಿಲ್ಲದ ಅಡಿಗೀದು ಇದರಾಗ ಬ್ಯಾರೆ ಒಂದು ಭಾಗಾನ ಐತಿ. ಇನ್ನೂ ಶುರುನಽ ಮಾಡಿಲ್ಲ."